ಧಕ್ಕೆಗೆ ಕಟ್ಟಿದ ಹಾಯಿದೋಣಿಗೆ ಅಷ್ಟೊಂದು ಕೆಲಸ ಏನಿರುತ್ತದೆ?

ಹಾಯಿದೋಣಿಯಲ್ಲಿ ದೇಶದಿಂದ ದೇಶಕ್ಕೆ ವರ್ಷಗಟ್ಟಲೆ ಸಾಗುವವರು ಆ ಕಾಲವನ್ನೆಲ್ಲ ನಡುಸಮುದ್ರದಲ್ಲೇ ಕಳೆಯುವುದಿಲ್ಲ. ಚಂಡಮಾರುತದ ತಿಂಗಳುಗಳು ಮುಗಿಯಲೆಂದು, ತರಿಸಿದ ಬಿಡಿಭಾಗ ಕೈಸೇರಲೆಂದು ದೋಣಿಯನ್ನು ಧಕ್ಕೆಗೆ ಕಟ್ಟಿ ಕಾಯುವ ದಿನಗಳು ಬಹಳ. ಆ ದಿನಗಳ ಕುರಿತು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ದೋಣಿ ಸವೆಯುವುದು ಅಲೆಗಳ ನಡುವೆ ಅಲ್ಲವೇ, ನಿಂತ ದೋಣಿಗೆ ದಿನವೂ ಮಾಡುವ ಕೆಲಸ ಯಾವುದು? ಸಾಗುವ ದೋಣಿಯಲ್ಲಿ ಏನು ಕೆಟ್ಟರೂ ಸದ್ದಿನಿಂದಲೋ ಓಲಾಟದಿಂದಲೋ ಕೂಡಲೇ ತಿಳಿಯುತ್ತದೆ. ನಿಂತ ದೋಣಿಯಲ್ಲಿ ಲೋಹ, ಹಗ್ಗ, ರಬ್ಬರು ಎಲ್ಲವೂ ಯಾರಿಗೂ ತಿಳಿಯದಂತೆ ಕೆಡುತ್ತ ಹೋಗಿ, ಮುಂದಿನ ಪಯಣದ ಮೊದಲ ಬಿರುಗಾಳಿಯಲ್ಲಿ ಒಟ್ಟಿಗೆ ಕೈಕೊಡುತ್ತವೆ. ಧಕ್ಕೆಯ ಕೆಲಸವೆಂದರೆ ಹೀಗೆ ಕಾಣದೆ ಕೆಡುವುದನ್ನು ಹುಡುಕುವ ಕೆಲಸ.

ಮೊದಲು ನೀರಿನ ಕೆಳಗಿನದು. ಉಪ್ಪುನೀರಿನಲ್ಲಿ ಮುಳುಗಿರುವ ಎರಡು ಬೇರೆ ಬೇರೆ ಲೋಹಗಳ ನಡುವೆ ತಂತಿಯ ಸಂಪರ್ಕವಿದ್ದರೆ ಅಲ್ಲೊಂದು ಬ್ಯಾಟರಿ ಹುಟ್ಟಿದಂತೆಯೇ. ದುರ್ಬಲವಾದ ಲೋಹ ಕರಗತೊಡಗುತ್ತದೆ. ಕಂಚಿನ ಪ್ರೊಪೆಲ್ಲರೂ ಸ್ಟೀಲಿನ ಶಾಫ್ಟೂ ಉಳಿಯಲೆಂದು, ಅವುಗಳಿಗಿಂತ ಮೊದಲು ಕರಗುವ ಸತುವಿನ ತುಂಡನ್ನು ಅಲ್ಲಿ ಜೋಡಿಸಿರುತ್ತೇವೆ. ಧಕ್ಕೆಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು ಸೇರುತ್ತದೆ. ದಡದಿಂದ ವಿದ್ಯುತ್ ಪಡೆಯುವ ದೋಣಿಗಳೆಲ್ಲವೂ ಅರ್ಥಿಂಗ್ ತಂತಿಯ ಮೂಲಕ ಒಂದಕ್ಕೊಂದು ಸೇರಿಕೊಂಡಿರುವುದರಿಂದ, ಪಕ್ಕದವರ ದೋಣಿಯಲ್ಲಿ ಸತು ಮುಗಿದುಹೋಗಿದ್ದರೆ ಅವರ ಲೋಹವನ್ನೂ ನಮ್ಮ ಸತುವೇ ಕಾಯಬೇಕಾಗುತ್ತದೆ. ಆ ತಂತಿಯಲ್ಲಿ ಗ್ಯಾಲ್ವನಿಕ್ ಐಸೋಲೇಟರ್ ಎಂಬ ಸಣ್ಣ ಸಾಧನವನ್ನು ಕೂರಿಸಿದರೆ ಅಪಾಯದ ವಿದ್ಯುತ್ತಿಗೆ ದಾರಿ ಬಿಟ್ಟು, ಲೋಹ ತಿನ್ನುವ ಈ ಕ್ಷೀಣ ಪ್ರವಾಹವನ್ನು ಮಾತ್ರ ಅದು ತಡೆಯುತ್ತದೆ. ದೀರ್ಘಕಾಲ ಧಕ್ಕೆಯಲ್ಲಿ ನಿಲ್ಲುವ ದೋಣಿಗೆ ನಾನು ಮೊದಲು ಕೊಳ್ಳಲು ಹೇಳುವುದು ಇದನ್ನೇ.

ಸತು ಅರ್ಧದಷ್ಟು ಕರಗಿದ ಕೂಡಲೇ ಬದಲಿಸಬೇಕು. ಅದು ಸ್ವಲ್ಪವೂ ಕರಗದೆ ಹೊಸದರಂತೆ ಇದ್ದರೆ ಸಂತೋಷಪಡಬಾರದು. ಸಂಪರ್ಕ ಎಲ್ಲೋ ತಪ್ಪಿದೆ, ಅದು ಏನನ್ನೂ ಕಾಯುತ್ತಿಲ್ಲ ಎಂದೇ ಅರ್ಥ. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುವುದರಿಂದ ಅಲ್ಲಿ ಮೆಗ್ನೀಸಿಯಂ ಬೇಕಾಗುತ್ತದೆ. ಒಡಲಿನಲ್ಲಿ ನೀರು ಒಳಬರುವ ಕವಾಟಗಳನ್ನೂ ಇದೇ ಸಮಯದಲ್ಲಿ ನೋಡುವುದು ಒಳ್ಳೆಯದು. ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆದಾಗ ಹಿತ್ತಾಳೆಯ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ, ಅದರೊಳಗಿನ ಸತು ಹೊರಟುಹೋಗಿ ತಾಮ್ರದ ಟೊಳ್ಳು ಮಾತ್ರ ಉಳಿದಿದೆ. ಅಂತಹ ಕವಾಟ ಕೈಯೊತ್ತಡಕ್ಕೇ ಮುರಿಯಬಹುದು. ದೋಣಿಯಡಿ ಇಳಿಯುವ ಮುನ್ನ ದಡದ ವಿದ್ಯುತ್ತನ್ನು ಕಳಚಲೇಬೇಕು. ಸಿಹಿನೀರಿನ ಧಕ್ಕೆಯಲ್ಲಂತೂ ಇಳಿಯಲೇಬಾರದು, ಏಕೆಂದರೆ ಯಾವುದೋ ದೋಣಿಯಿಂದ ಸೋರಿದ ವಿದ್ಯುತ್ತಿಗೆ ಆ ನೀರಿಗಿಂತ ಮನುಷ್ಯನ ದೇಹವೇ ಸುಲಭದ ದಾರಿ.

ನೀರಿನ ಮೇಲಿನ ಭಾಗದಲ್ಲಿ ನನ್ನ ಹೆಚ್ಚಿನ ಗಮನ ಹಾಯಿ ಕಟ್ಟುವ ಎತ್ತರದ ಕಂಬವಾದ ಕೂವೆಮರವನ್ನು ಎಳೆದು ನಿಲ್ಲಿಸುವ ಸ್ಟೀಲ್ ಹುರಿಗಳ ಮೇಲೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಅರ್ಧಸತ್ಯ. ಅದನ್ನು ಕಾಯುವುದು ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ತೆಳುಪದರ. ಆಮ್ಲಜನಕ ಸಿಗುವ ತನಕ ಆ ಪದರ ತಾನೇ ಮತ್ತೆ ಮೂಡುತ್ತಿರುತ್ತದೆ. ಹುರಿಯ ಕೆಳತುದಿಯನ್ನು ಹಿಡಿದಿರುವ ಬಿಗಿಕೊಳವೆಯೊಳಗೆ ಉಪ್ಪುನೀರು ಇಳಿದು ನಿಂತರೆ ಅಲ್ಲಿ ಆಮ್ಲಜನಕ ಮುಗಿಯುತ್ತದೆ, ಪದರ ಹೋಗುತ್ತದೆ, ಸ್ಟೀಲು ಒಳಗಿನಿಂದ ಸೀಳುತ್ತದೆ. ಅದಕ್ಕಾಗಿಯೇ ಕೆಳತುದಿಗಳನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಭೂತಗನ್ನಡಿ ಹಿಡಿದು ನೋಡಬೇಕು. ಕೊಳವೆಯ ಉದ್ದಕ್ಕೂ ಕೂದಲೆಳೆಯಂತಹ ಗೆರೆಯೋ, ಹುರಿ ಹೊರಬರುವ ಬಾಯಿಯಲ್ಲಿ ಕಂದುಕಲೆಯೋ ಇದ್ದರೆ ತಡಮಾಡಬಾರದು. ಹತ್ತೊಂಬತ್ತು ಎಳೆಗಳ ಹುರಿಯಲ್ಲಿ ತುಂಡಾದ ಎಳೆ ಕಣ್ಣಿಗೆ ಕಾಣದಿದ್ದರೂ, ಹತ್ತಿಯ ಉಂಡೆಯನ್ನು ಸುತ್ತಲೂ ಸವರಿದರೆ ನಾರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಸವರಿದರೆ ಬೆರಳು ಸೀಳುತ್ತದೆ. ಒಂದು ಎಳೆ ಮುರಿದಿದ್ದರೂ ಆ ಹುರಿಯನ್ನು ನಂಬಿ ಸಮುದ್ರಕ್ಕೆ ಹೊರಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಖರ್ಚು ಹೆಚ್ಚೆಂದು ಮುಂದೂಡುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಕಟ್ಟುಹಗ್ಗಗಳದ್ದು ದಿನನಿತ್ಯದ ಕೆಲಸ. ನೈಲಾನ್ ಹಗ್ಗ ಹಿಗ್ಗಿ ಕುಗ್ಗಿ ಎಳೆತವನ್ನು ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೇ ಅದನ್ನು ಬಳಸುತ್ತೇವೆ, ಆದರೆ ಆ ಹಿಗ್ಗುವಿಕೆಯೇ ಹಗ್ಗವನ್ನು ದೋಣಿಯ ಅಂಚಿನ ಲೋಹಕ್ಕೆ ಹಗಲಿರುಳು ಉಜ್ಜುತ್ತದೆ. ಹಗ್ಗವನ್ನು ಆಗಾಗ ಒಂದು ಗೇಣು ಸರಿಸಿ ಉಜ್ಜುವ ಜಾಗವನ್ನು ಬದಲಿಸಬೇಕು, ಉಜ್ಜುವಲ್ಲಿ ದಪ್ಪ ಬಟ್ಟೆಯನ್ನು ಸುತ್ತಬೇಕು. ಧಕ್ಕೆ ತೇಲುವಂಥದ್ದಲ್ಲದಿದ್ದರೆ ಭರತ ಇಳಿತಗಳ ಅಂತರವನ್ನೂ ಲೆಕ್ಕ ಹಾಕಬೇಕು. ಅಕ್ಕಪಕ್ಕದ ದೋಣಿಗಳ ಕೂವೆಮರಗಳು ಒಂದೇ ಸಾಲಿನಲ್ಲಿ ನಿಲ್ಲದಂತೆ ದೋಣಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಕಟ್ಟಿದರೆ, ಓಲಾಟದಲ್ಲಿ ಮೇಲಿನ ಅಡ್ಡತೋಳುಗಳು ಒಂದಕ್ಕೊಂದು ಬಡಿಯುವುದಿಲ್ಲ.

ಎಂಜಿನ್ನನ್ನು ಸುಮ್ಮನೆ ಐದು ನಿಮಿಷ ಓಡಿಸಿ ನಿಲ್ಲಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು. ಪೂರ್ತಿ ಬಿಸಿಯಾಗದ ಡೀಸೆಲ್ ಎಂಜಿನ್ ಮಸಿಯನ್ನೂ ತೇವವನ್ನೂ ಒಳಗೇ ಉಳಿಸಿಕೊಳ್ಳುತ್ತದೆ. ಹಗ್ಗಗಳನ್ನು ಭದ್ರಪಡಿಸಿ, ಗೇರಿಗೆ ಹಾಕಿ, ಹೊರೆ ಕೊಟ್ಟು ಅರ್ಧ ಗಂಟೆ ಓಡಿಸಬೇಕು. ಡೀಸೆಲ್ ಟ್ಯಾಂಕನ್ನು ತುಂಬಿಸಿಟ್ಟರೆ ಒಳಗೆ ನೀರ ಹನಿ ಕಟ್ಟುವುದು ಕಡಿಮೆಯಾಗಿ, ನೀರೂ ಎಣ್ಣೆಯೂ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕಾಟ ತಪ್ಪುತ್ತದೆ. ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರವಿದ್ದವರು ಒಂದು ಮಾತು ನೆನಪಿಡಬೇಕು: ಅದರಲ್ಲಿ ಉಪ್ಪನ್ನು ಸೋಸುವ ಪೊರೆಯನ್ನು ಧಕ್ಕೆಯ ನಲ್ಲಿನೀರಿನಿಂದ ನೇರವಾಗಿ ತೊಳೆದರೆ ಆ ನೀರಿನ ಕ್ಲೋರಿನ್ ಪೊರೆಯನ್ನೇ ನಾಶಮಾಡುತ್ತದೆ, ಆದ್ದರಿಂದ ನಡುವೆ ಕಾರ್ಬನ್ ಫಿಲ್ಟರ್ ಇರಲೇಬೇಕು.

ದೋಣಿ ಬಿಟ್ಟು ಊರಿಗೆ ಹೋಗಬೇಕಾದಾಗ ಹಾಯಿಗಳನ್ನು ಕಳಚಿ ಒಳಗಿಡುತ್ತೇನೆ, ಬಿಸಿಲಿಗೆ ಬಟ್ಟೆಗಿಂತ ಮೊದಲು ಹೊಲಿಗೆಯ ನೂಲೇ ಸಾಯುತ್ತದೆ. ತಳದ ನೀರು ಹೊರಹಾಕುವ ಪಂಪಿನ ಕೊಳವೆಯೊಂದನ್ನು ಬಿಟ್ಟು, ನೀರಿನ ಕವಾಟಗಳನ್ನು ಮುಚ್ಚುತ್ತೇನೆ. ನೋಡಿಕೊಳ್ಳುವವರ ಕೈಗೆ ಕೊಡುವ ಚೀಟಿಯಲ್ಲಿ ಮುಚ್ಚಿದ ಪ್ರತಿ ಕವಾಟದ ಜಾಗವನ್ನೂ ಬರೆದು, ವಾರಕ್ಕೊಮ್ಮೆ ಒಳಗೆ ಬಂದು ನೀರು ಏರಿದಾಗ ಆ ಪಂಪನ್ನು ತಾನಾಗಿ ಓಡಿಸುವ ತೇಲುಸ್ವಿಚ್ಚನ್ನು ಕೈಯಿಂದ ಎತ್ತಿ ಪಂಪ್ ಓಡುತ್ತದೆಯೇ ಎಂದು ನೋಡಲು ಕೇಳಿಕೊಳ್ಳುತ್ತೇನೆ.