ಗುಡ್ಡದ ನೆತ್ತಿಯಲ್ಲಿ ಇನ್ನೂರು ಜನಕ್ಕೆ ಬಾರ್ಬೆಕ್ಯೂ: ತಯಾರಿಯ ಟಿಪ್ಪಣಿಗಳು

ಜನವರಿ, ಮೂರನೆಯ ವಾರ

ಮಾವನ ಮಗನ ಮದುವೆಯ ಮಾರನೆಯ ಸಂಜೆ ಬಾರ್ಬೆಕ್ಯೂ. ಅಡುಗೆ ನಮ್ಮ ಗೆಳೆಯರ ಬಳಗದ್ದು. ಜಾಗ ಸಕಲೇಶಪುರದ ಕಡೆ, ಅವರ ಕಾಫಿ ತೋಟದ ಮೇಲಿನ ಹುಲ್ಲುಗುಡ್ಡ. ನೋಟ ಚೆನ್ನಾಗಿದೆ ಎಂದು ಆರಿಸಿದ್ದಾರೆ. ನೋಟವನ್ನು ಯಾರೂ ಹೊತ್ತು ತರಬೇಕಿಲ್ಲವಲ್ಲ! ಕಾಫಿ ಕಣದವರೆಗೆ ಪಿಕಪ್ ಬರುತ್ತದೆ, ಅಲ್ಲಿಂದ ಮೇಲಕ್ಕೆ ಜೀಪು ಮಾತ್ರ. ನೆತ್ತಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ನೆರಳೂ ಇಲ್ಲ.

ಹಾಗಾಗಿ ಏನು ಮಾಡಬೇಕು ಎನ್ನುವುದನ್ನು ನಾಲಿಗೆಗಿಂತ ದಾರಿಯೇ ತೀರ್ಮಾನಿಸಿತು. ಅನ್ನ ಬೇಡ. ಅಕ್ಕಿ ಕಡುಬನ್ನು ಮನೆಯಲ್ಲೇ ಹಬೆಯಲ್ಲಿ ಬೇಯಿಸಿ, ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಕಂಬಳಿ ಸುತ್ತಿ ಮೇಲಕ್ಕೆ ಕಳಿಸುವುದು. ಕೋಳಿ ಮಾತ್ರ ಹಸಿಯಾಗಿ, ಐಸಿನಲ್ಲಿ ಬರಬೇಕು. ಹಂದಿ ಮಾಂಸವನ್ನು ಅರ್ಧ ಬೇಯಿಸಿ ತಂದು ಮೇಲೆ ಮುಗಿಸೋಣ ಎಂದು ಒಬ್ಬ ಗೆಳೆಯ ಹಟ ಹಿಡಿದ. ನಾನು ಒಪ್ಪಲಿಲ್ಲ. ಅರೆಬೆಂದ ಮಾಂಸ ಉಗುರುಬೆಚ್ಚಗೆ ಜೀಪಿನಲ್ಲಿ ಕುಲುಕಾಡುತ್ತಾ ಕೂರುವುದಕ್ಕಿಂತ ಕೆಟ್ಟ ಉಪಾಯ ಬೇರೆ ಇಲ್ಲ. ಸೋಮವಾರಪೇಟೆಯಿಂದ ತರಿಸಿದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಕೆಳಗೇ ಪೂರ್ತಿ ಬೇಯಿಸುತ್ತೇವೆ. ಬಿಸಿ ಆರದಂತೆ ತಂದು, ಮೇಲೆ ಕೆಂಡದಲ್ಲಿ ಅಂಚು ಕಪ್ಪಾಗುವವರೆಗೆ ಸುಟ್ಟರೆ ಸಾಕು.

ಫೆಬ್ರವರಿ, ಮೊದಲ ವಾರ

ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ಒಲೆ. ಒಂದೊಂದರ ಬಾಯಿ ಸುಮಾರು ಅರ್ಧ ಚದರ ಮೀಟರ್. ಅಡುಗೆ ಎಣ್ಣೆ ತುಂಬಿದ್ದ ಡ್ರಮ್ಮುಗಳನ್ನೇ ಹುಡುಕಿ ತಂದೆವು. ತೋಟದಲ್ಲಿ ಬಿದ್ದಿರುವ ಔಷಧಿ ಡ್ರಮ್ಮುಗಳು ಪುಕ್ಕಟೆ ಸಿಗುತ್ತವೆ ಎಂದು ಊಟದ ಹತ್ತಿರ ತರಬಾರದು. ಬೇಲಿಗೆ ಬಳಸುವ ಸತು ಲೇಪದ ಜಾಲರಿಯೂ ಬೇಡ, ಕಾವಿಗೆ ಸತುವಿನ ಹೊಗೆ ಏಳುತ್ತದೆ. ಸ್ಟೀಲ್ ಜಾಲರಿ ಮಾಡಿಸಿದ್ದೇವೆ.

ಒಂದು ಒಲೆಯ ಮೇಲೆ ಮೂವತ್ತು ಕೋಳಿ ಕಾಲು ಹಿಡಿಯುತ್ತವೆ, ಹದವಾದ ಕೆಂಡದಲ್ಲಿ ನಲವತ್ತು ನಿಮಿಷ ಬೇಕು. ಆರು ಒಲೆಗಳಲ್ಲಿ ಒಂದು ಗೆಣಸು, ಜೋಳ, ಪನೀರಿಗೆ ಮೀಸಲು. ಅದರ ಇಕ್ಕಳವೂ ಬೇರೆ. ಉಳಿದ ಐದರಲ್ಲಿ ನಾನೂರು ಕಾಲು ಸುಡಲು ಎರಡು ಗಂಟೆ. ಜಾಲಿ ಇದ್ದಿಲು ಬೇಗ ಹೊತ್ತಿಕೊಳ್ಳುತ್ತದೆ, ತೆಂಗಿನ ಚಿಪ್ಪಿನದು ಹೆಚ್ಚು ಹೊತ್ತು ಕಾವು ಹಿಡಿಯುತ್ತದೆ. ಎರಡನ್ನೂ ಬೆರೆಸುತ್ತೇವೆ.

ಫೆಬ್ರವರಿ, ಎರಡನೆಯ ವಾರ

ನೀರಿನ ಮಾತು. ಸ್ಪ್ರಿಂಕ್ಲರ್ ಪೈಪಿನಲ್ಲಿ ಮೇಲೆ ತರಬಹುದು ಎಂದುಕೊಂಡಿದ್ದೆ. ಅರವತ್ತು ಮೀಟರ್ ಏರಿಸಲು ಆರು ಬಾರ್ ಒತ್ತಡ ಬೇಕು, ಪಂಪಿಗೆ ಆ ಶಕ್ತಿ ಇದೆ. ಆದರೆ ಮಾವ, "ರೊಬಸ್ಟಾ ಹೂವಿಗೆ ನೀರು ಕೊಡುವ ಹೊತ್ತು ಇದು. ಹಗಲು ಪಂಪು ಮುಟ್ಟಬೇಡ, ರಾತ್ರಿ ಬೇಕಾದರೆ ತೆಗೆದುಕೊ" ಎಂದರು. ಮದುವೆಗಿಂತ ಹೂವು ದೊಡ್ಡದು. ತೋಟದವರ ಲೆಕ್ಕ ಅದು. ರಾತ್ರಿಯೇ ಟ್ಯಾಂಕು ತುಂಬಿಸುತ್ತೇವೆ. ಅದು ಕೈ, ಪಾತ್ರೆ ತೊಳೆಯಲು. ಕುಡಿಯುವ ನೀರು ಕ್ಯಾನುಗಳಲ್ಲಿ ಬೇರೆ.

ಗಾಳಿ ನೋಡಲು ಸಂಜೆಯವರೆಗೂ ಮೇಲೇ ಕೂತಿದ್ದೆವು. ಬಿಸಿಲಿರುವಾಗ ಇಳಿಜಾರಿನ ನೆಲ ಕಾದು ಗಾಳಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ತಣ್ಣಗಾಗಿ ಅದೇ ಗಾಳಿ ಕೆಳಗಿಳಿಯುತ್ತದೆ. ಅಂದರೆ ನಾಲ್ಕು ಗಂಟೆಯ ಹೊಗೆಯನ್ನು ನೋಡಿ ಕುರ್ಚಿಗಳನ್ನು ಕೆಳಬದಿಗೆ ಹಾಕಿದರೆ, ಏಳು ಗಂಟೆಗೆ ಎಲ್ಲರ ಕಣ್ಣಲ್ಲೂ ನೀರು. ಆದ್ದರಿಂದ ಕುರ್ಚಿಗಳು ಒಲೆಗಳ ಮೇಲೂ ಅಲ್ಲ, ಕೆಳಗೂ ಅಲ್ಲ, ಪಕ್ಕಕ್ಕೆ. ಗಾಳಿಗೆ ಇದ್ದಿಲು ಒಂದೇ ತುದಿಯಲ್ಲಿ ಧಗಧಗ ಉರಿದು ಇನ್ನೊಂದು ತುದಿಯಲ್ಲಿ ಕೋಳಿ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೆ ಗೂಟ ನೆಟ್ಟು, ಕೆಳಬದಿಗೂ ಮೇಲ್ಬದಿಗೂ ತಗಡು ಕಟ್ಟಿದ್ದೇವೆ.

ನನಗೆ ನಿಜವಾಗಿ ಭಯವಿದ್ದದ್ದು ಹುಲ್ಲಿನದು. ಫೆಬ್ರವರಿಯ ಗುಡ್ಡಕ್ಕೆ ಒಂದು ಕಿಡಿ ಸಾಕು. ಒಲೆಗಳ ಸುತ್ತ ಅಗಲಕ್ಕೆ ಹುಲ್ಲು ಹೆರೆದು ಬರಿಮಣ್ಣು ಮಾಡಿ, ನೀರು ಚಿಮುಕಿಸಿ, ಗಿಡಗಳಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನು ನೀರು ತುಂಬಿಸಿ ಪಕ್ಕದಲ್ಲೇ ನಿಲ್ಲಿಸುವುದೆಂದಾಯಿತು. ಅದಕ್ಕೆ ಒಬ್ಬ ಆಳು. ಅವನಿಗೆ ಬೇರೆ ಕೆಲಸ ಹೇಳಬಾರದು ಎಂದು ಎಲ್ಲರಿಗೂ ಹೇಳಿದ್ದೇನೆ.

ಮದುವೆಯ ಮರುದಿನ

ನಾಲ್ಕೂವರೆಗೆ ಮೊದಲ ಕೋಳಿ ಜಾಲರಿ ಏರಿತು. ಥರ್ಮಾಮೀಟರನ್ನು ಮೂಳೆಯ ಪಕ್ಕ ಚುಚ್ಚಿ, 74 ಡಿಗ್ರಿ ಬಾರದ ತುಂಡನ್ನು ಬಿಡಲಿಲ್ಲ, "ಇದೇನು ಕೋಳಿಗೆ ಜ್ವರವೇ?" ಎಂದು ಅತ್ತೆ ನಕ್ಕರು. ಹಂದಿ ಮಾಂಸ ಮೊದಲು ಖಾಲಿಯಾಯಿತು, ಕಡುಬು ಕೊನೆಯವರೆಗೂ ಬೆಚ್ಚಗಿತ್ತು. ಗಾಳಿ ಹೊತ್ತು ಮುಳುಗಿದ ಮೇಲೆ ಹೇಳಿದಂತೆ ತಿರುಗಿತು. ಪನೀರು ಮಿಕ್ಕಿತು, ಗೆಣಸು ಸಾಲಲಿಲ್ಲ.

ಕೆಂಡಕ್ಕೆ ನೀರು ಹೊಯ್ದು ಕೆದಕಿ, ಮತ್ತೆ ಹೊಯ್ದು, ಡ್ರಮ್ಮುಗಳಲ್ಲೇ ರಾತ್ರಿ ಬಿಟ್ಟೆವು. ಬೆಳಿಗ್ಗೆ ಕೈಯಿಟ್ಟು ನೋಡಿದ ಮೇಲೆಯೇ ಬೂದಿ ಗುಂಡಿಗೆ ಹೋಯಿತು. ಏಪ್ರಿಲ್‌ನಲ್ಲಿ ಇದೇ ಗುಡ್ಡದಲ್ಲಿ ಇನ್ನೊಬ್ಬರಿಗೂ ಬೇಕಂತೆ. ಆಗ ಸಂಜೆ ಗುಡುಗು ಮಳೆ ಬರುವ ಕಾಲ. ಒಲೆಗಳಿಗೆ ಮುಚ್ಚಳ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟಿದ್ದೇನೆ.