ಸಿಪಿಸಿ ಮೇಷ್ಟ್ರು ಹೇಳಿಕೊಟ್ಟ ಪಾಲಿನ ದಾವೆ

ನಮಗೆ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಕಲಿಸಿದ ಮೇಷ್ಟ್ರ ಹೆಸರನ್ನು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಹೆಸರು ಹಾಕಿ ಬರೆದರೆ ಅವರಿಗೆ ಸರಿಬೀಳುವುದೂ ಇಲ್ಲ. ಉಚಿತ ಕಾನೂನು ನೆರವಿನ ಬಗೆಗಿನ ಸಂವಿಧಾನದ 39ಎ ವಿಧಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, ಅದು ಜಾರಿಗೆ ಬಂದ 1995ರ ನವೆಂಬರ್ 9, ಇಷ್ಟನ್ನೂ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತಿದ್ದರು. ಮಿಕ್ಕ ಸೆಮಿಸ್ಟರೆಲ್ಲ ಒಂದೇ ದಾವೆಯ ಬೆನ್ನು ಹತ್ತುತ್ತಿತ್ತು: ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತವರಿನ ಜಮೀನಿನಲ್ಲಿ ಪಾಲು ಕೇಳುವ ದಾವೆ. ಇಲ್ಲದವರ ಸಿವಿಲ್ ಕೇಸು ವಾದದಲ್ಲಿ ಬೀಳುವುದಕ್ಕಿಂತ ಹೆಚ್ಚಾಗಿ ಕಾಗದಪತ್ರದಲ್ಲಿ ಬೀಳುತ್ತದೆ ಎನ್ನುವುದು ಅವರ ನಂಬಿಕೆ. ಕಾಲೇಜಿನ ಕಾನೂನು ನೆರವು ಕ್ಲಿನಿಕ್ಕನ್ನು ಅವರು ಕಟ್ಟಿದ್ದು ಅದರ ಮೇಲೆಯೇ.

ವಿದ್ಯಾರ್ಥಿಗೆ ವಕೀಲಿಕೆಯ ಸನ್ನದು ಇಲ್ಲ, ವಕಾಲತ್ತು ಹಾಕುವಂತಿಲ್ಲ. ಹಾಗಾಗಿ ಕ್ಲಿನಿಕ್ಕಿನ ಕೆಲಸವೆಲ್ಲ ಕೋರ್ಟ್ ಹಾಲಿನ ಆಚೆಗೆ. ಬಂದವರು ತಮ್ಮ ಕಥೆಯನ್ನು ಪೂರ್ತಿ ಹೇಳಿ ಮುಗಿಸುವವರೆಗೆ ಪೆನ್ನು ಎತ್ತಬಾರದು. ಮುಗಿದ ಮೇಲೆ ಮೊದಲ ಪ್ರಶ್ನೆ: "ಪಾಲು ಕೊಡೋಲ್ಲ ಅಂತ ಯಾವತ್ತು ಅಂದ್ರು? ಯಾರ ಎದುರಿಗೆ?" ಒಟ್ಟುಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರಿಗೆ, ದಾವೆ ಹೂಡಲು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದ ಕಾಲಮಿತಿ. ಕೈಸಾಲವಾದರೆ ಮೂರೇ ವರ್ಷ. ಉಚಿತ ನೆರವಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರೆ ಈ ಕಾಲ ನಿಲ್ಲುವುದಿಲ್ಲ. ಅರ್ಜಿ ಕೊಟ್ಟಾಯಿತಲ್ಲ ಎಂದು ಸುಮ್ಮನೆ ಕೂತವರ ದಾವೆ ಹುಟ್ಟುವ ಮೊದಲೇ ಸಾಯುವುದು ಹೀಗೆ. ಸಿಪಿಸಿಯ ಆರ್ಡರ್ 33ರ ಕೆಳಗೆ ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಿದರೆ ಮಾತ್ರ, ಆ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನವೆಂದು ಕಾಲಮಿತಿ ಕಾಯ್ದೆ ಎಣಿಸುತ್ತದೆ.

ನೆರವಿನ ಅರ್ಹತೆಯಲ್ಲಿ ಆಗುವ ತಪ್ಪು ಇನ್ನೂ ಸಣ್ಣದು, ಕಾಟ ಮಾತ್ರ ದೊಡ್ಡದು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನದ ಮಿತಿಯೇ ಇಲ್ಲ. ಆದರೂ ಕೌಂಟರಿನಲ್ಲಿ "ಇನ್‌ಕಮ್ ಸರ್ಟಿಫಿಕೇಟ್ ತನ್ನಿ" ಎನ್ನುತ್ತಾರೆ, ಆಕೆ ನಾಡಕಚೇರಿಗೆ ಅಲೆಯುತ್ತಾಳೆ. ವರಮಾನ ನೋಡಲೇಬೇಕಾದವರಿಗೂ 13ನೇ ಕಲಮಿನಲ್ಲಿ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಸಾಕೆನ್ನುವ ಅವಕಾಶವಿದೆ. ಈ ಎರಡೂ ಕಲಮುಗಳನ್ನು ಮೇಷ್ಟ್ರು ಕನ್ನಡದಲ್ಲಿ ಅರ್ಧ ಹಾಳೆಗೆ ಟೈಪು ಮಾಡಿಸಿ, ಪ್ರತಿ ಅರ್ಜಿಯ ಮೇಲೆ ಪಿನ್ನು ಹಾಕಿಸುತ್ತಿದ್ದರು. ವಾದ ಮಾಡಬೇಡಿ, ಹಾಳೆ ತೋರಿಸಿ ಎಂದಷ್ಟೇ ಸೂಚನೆ.

ಅವರ ಪಾಠದ ತಿರುಳು ವಾದಪತ್ರದ ಒಂದು ವಾಕ್ಯದಲ್ಲಿತ್ತು. ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಮಿನಲ್ಲಿ ಎರಡು ದಾರಿಗಳಿವೆ. ಆಸ್ತಿಯ ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದು ವಾದಿಯೇ ಬರೆದರೆ, ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದಿದ್ದರೆ ಗೊತ್ತುಪಡಿಸಿದ ಸಣ್ಣ ಮೊತ್ತ; ನಾವು ಓದುವಾಗ ಅದರ ಗರಿಷ್ಠ 200 ರೂಪಾಯಿ. ಅಳುತ್ತಾ ಬಂದ ಹೆಣ್ಣುಮಗಳ ಮಾತನ್ನು ಹಾಗೆಹಾಗೇ ಇಳಿಸಿ "ವಾದಿಯನ್ನು ಜಮೀನಿನಿಂದ ಸಂಪೂರ್ಣ ಹೊರಹಾಕಿರುತ್ತಾರೆ" ಎಂದು ಬರೆದರೆ ಕಥೆಗೆ ಕಳೆ ಬರುತ್ತದೆ, ಅವಳ ತಲೆಯ ಮೇಲೆ ಶುಲ್ಕವೂ ಬರುತ್ತದೆ. ಹಾಗೆಂದು ಸುಳ್ಳು ಬರೆಯಿರಿ ಎಂದು ಅವರೆಂದೂ ಹೇಳಿದವರಲ್ಲ. ಒಬ್ಬ ಪಾಲುದಾರನ ಸ್ವಾಧೀನ ಕಾನೂನಿನ ಕಣ್ಣಿಗೆ ಎಲ್ಲರ ಸ್ವಾಧೀನ. ಉತ್ಪನ್ನದಲ್ಲಿ ಪಾಲು ಕೊಡಲಿಲ್ಲ ಎಂದ ಮಾತ್ರಕ್ಕೆ ಹೊರಗಿಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ, ಇಂಥದೇ ತಮಿಳುನಾಡಿನ ಕಲಮನ್ನು ಅರ್ಥೈಸುತ್ತಾ, ಹೇಳಿದೆ. ಆದ್ದರಿಂದ ಕಣಜದ ಭತ್ತ ಯಾವ ವರ್ಷದವರೆಗೆ ಮನೆಗೆ ಬರುತ್ತಿತ್ತು, ಹಬ್ಬಕ್ಕೆ ಹೋದಾಗ ಎಲ್ಲಿ ಇಳಿದುಕೊಳ್ಳುತ್ತಾಳೆ, ಪಾಲು ಕೇಳಿದಾಗ ಅಣ್ಣ ಆಡಿದ ಮಾತು ಸರಿಯಾಗಿ ಏನು ಎಂದೆಲ್ಲ ವಿಚಾರಿಸಿಕೊಂಡೇ ಆ ಪ್ಯಾರಾ ಬರೆಯಬೇಕು. ನೆರವಿನ ಕೇಸಿನಲ್ಲಿ ಶುಲ್ಕವನ್ನು ಪ್ರಾಧಿಕಾರವೇ ನೋಡಿಕೊಳ್ಳುತ್ತದಲ್ಲ ಎಂದರೆ ಒಪ್ಪುತ್ತಿರಲಿಲ್ಲ. ಎದುರು ಪಾರ್ಟಿ ಶುಲ್ಕದ ತಕರಾರು ಎತ್ತಿ ಒಂದೆರಡು ವರ್ಷ ಎಳೆಯಲು ಆ ಒಂದು ವಾಕ್ಯವೇ ಸಾಕು.

ಷೆಡ್ಯೂಲಿನ, ಅಂದರೆ ದಾವೆಯ ಆಸ್ತಿ ವಿವರದ, ವಿಷಯದಲ್ಲಂತೂ ಅವರು ಶಾನುಭೋಗರೇ ಸರಿ. ಪಹಣಿಯಲ್ಲಿ 1-20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ 60 ಗುಂಟೆ. ಪೇಟೆಯ ಹುಡುಗರು ಅದನ್ನು 1.20 ಎಕರೆ ಎಂದು ಓದಿ 48 ಗುಂಟೆ ಮಾಡುತ್ತಾರೆ. ನಾಲ್ಕರಲ್ಲೊಂದು ಪಾಲಿಗೆ 15 ಗುಂಟೆ ಬರಬೇಕಾದಲ್ಲಿ 12. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, "ಪೂರ್ವಕ್ಕೆ ರಾಮಣ್ಣನ ಹೊಲ" ಎಂದು ಹಳೇ ಕ್ರಯಪತ್ರದಿಂದ ನಕಲು ಮಾಡಿದರೆ ಹಾಳೆ ವಾಪಸ್ಸು. ರಾಮಣ್ಣ ತೀರಿಕೊಂಡು, ಹೊಲ ಎರಡು ಕೈ ಬದಲಾಗಿರುತ್ತದೆ. ಪಕ್ಕದ ಸರ್ವೆ ನಂಬರು, ಹಿಸ್ಸಾ ನಂಬರು ಬರೆಯಬೇಕು. ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ತೀರ್ಪಿನ ಆದೇಶದಲ್ಲಿ, ಗಡಿ ತಪ್ಪಿದ್ದರೆ ಅದನ್ನು ಜಾರಿ ಮಾಡುವ ಅಮಲ್ಜಾರಿ ಕೋರ್ಟು ಡಿಕ್ರಿಯನ್ನು ದಾಟಿ ಹೋಗುವಂತಿಲ್ಲ, ಕೋರ್ಟಿನ ಅಮೀನ ಜಮೀನಿನ ಬದುವಿನಿಂದಲೇ ವಾಪಸ್ಸಾಗುತ್ತಾನೆ. ವಂಶವೃಕ್ಷದಲ್ಲಿ ಒಬ್ಬ ಪಾಲುದಾರ ಬಿಟ್ಟುಹೋದರೆ, ಅಥವಾ ಒಂದು ಸೈಟು ಷೆಡ್ಯೂಲಿಗೆ ಸೇರದಿದ್ದರೆ, ಅದು ಬೇರೆಯೇ ರಗಳೆ.

ಅಣ್ಣಂದಿರ ಮಾಮೂಲಿ ಉತ್ತರ, ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ ಎನ್ನುವುದು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪಾಲನ್ನು ಮುಟ್ಟುವುದಿಲ್ಲ, ನಿಜ. ಆದರೆ ಅದು ನೋಂದಾಯಿತ ಪತ್ರದಿಂದಲೋ ಡಿಕ್ರಿಯಿಂದಲೋ ಆಗಿರಬೇಕು. ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬಲವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದೆಂದು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಹೇಳಿತು.

ದಾವೆ ಹಾಕಿದ ಮೇಲಿನ ಗಂಡಾಂತರ ಸಮನ್ಸು. ಕೋರ್ಟಿನಲ್ಲಿ ಪಿ.ಎಫ್. ಎಂದೇ ಕರೆಯುವ ಪ್ರೋಸೆಸ್ ಫೀ ಕಟ್ಟದೆ ಸಮನ್ಸ್ ಜಾರಿಯಾಗದಿದ್ದರೆ ದಾವೆ ವಜಾ ಆಗಬಹುದು. ಜಾರಿಯಾಗದೆ ಹಿಂದಿರುಗಿದ ಸಮನ್ಸಿಗೆ ಏಳು ದಿನದೊಳಗೆ ಹೊಸದನ್ನು ಕೇಳದಿದ್ದರೂ ಅಷ್ಟೆ. ಪ್ರತಿವಾದಿಯಾದ ತಮ್ಮ ಬೆಂಗಳೂರಿನಲ್ಲಿ ಡ್ರೈವರ್, ವಿಳಾಸ ಮಾತ್ರ ಊರಿನದು. "ಊರಿನಲ್ಲಿಲ್ಲ" ಎಂಬ ಷರಾ ಬಂದದ್ದು ವಾದಿಗೆ ತಿಳಿಯುವುದೇ ಮುಂದಿನ ತಾರೀಖಿನಂದು. ಕ್ಲಿನಿಕ್ಕಿನ ವಿದ್ಯಾರ್ಥಿ ಪ್ರತಿ ಕಡತಕ್ಕೂ ಷರಾ ನೋಡಿಬರಬೇಕು, ವಾದಿಗೆ ಫೋನು ಮಾಡಬೇಕು, ಪ್ರಾಧಿಕಾರ ಕೊಟ್ಟ ಪ್ಯಾನೆಲ್ ವಕೀಲರಿಗೆ ಚೀಟಿ ಕೊಡಬೇಕು. ಬೇಸರದ ಕೆಲಸ. ಆ ಕ್ಲಿನಿಕ್ಕು ಮಾಡಿದ ಅತಿ ಉಪಯುಕ್ತ ಕೆಲಸವೂ ಅದೇ ಎನ್ನುವುದು ನನ್ನ ಅಭಿಪ್ರಾಯ.

ರಾಜಿಯಲ್ಲಿ ಕೇಸು ಮುಗಿಸುವ ಲೋಕ್ ಅದಾಲತ್ತನ್ನು ಮೇಷ್ಟ್ರು ಅನುಮಾನದಿಂದಲೇ ನೋಡುತ್ತಿದ್ದರು. ಕಟ್ಟಿದ ಶುಲ್ಕ ವಾಪಸ್ಸು ಬರುತ್ತದೆ, ಅವಾರ್ಡು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲದ ಕಾರಣಕ್ಕೇ ರಾಜಿಪತ್ರದಲ್ಲಿ ಗುಂಟೆ, ಸ್ಕೆಚ್ಚು, ದಾರಿಯ ಹಕ್ಕು, ಬೋರ್‌ವೆಲ್ಲಿನ ನೀರು ಎಲ್ಲ ಬರೆದಿರಬೇಕು, ಅದನ್ನು ಆಕೆಗೆ ಓದಿ ಹೇಳಿರಬೇಕು. ಒಪ್ಪದಿದ್ದರೆ ಅದಾಲತ್ತು ತೀರ್ಮಾನ ಕೊಡುವಂತಿಲ್ಲ, ದಾವೆ ಕೋರ್ಟಿಗೆ ಹಿಂದಿರುಗುತ್ತದೆ. ಇದನ್ನು ಆಕೆಗೆ ಮೊದಲೇ ಹೇಳಿಡಬೇಕು. "ಅಣ್ಣನ ಜೊತೆ ಯಾಕಮ್ಮಾ ಜಗಳ" ಎಂದು ನಾಲ್ಕು ಜನ ಸುತ್ತ ಕೂತು ಹೇಳಿದರೆ ಸಹಿ ಬಿದ್ದುಹೋಗುತ್ತದೆ ಎನ್ನುವುದು ಅವರ ಭಯ. ಅಪಘಾತ ಪರಿಹಾರಕ್ಕೂ ಬ್ಯಾಂಕ್ ಸಾಲಕ್ಕೂ ಅದೇ ಅನುಮಾನ ಹಚ್ಚಿದ್ದು ಮಾತ್ರ ಸ್ವಲ್ಪ ಅತಿಯಾಯಿತು.

ಡಿಕ್ರಿ ಬಂತೆಂದು ಯಾರಾದರೂ ಸಿಹಿ ತಂದರೆ ಅವರು ಕೇಳುತ್ತಿದ್ದುದು, "ಎಫ್‌ಡಿಪಿ ಹಾಕಿದ್ರಾ?" ಎಫ್‌ಡಿಪಿ ಎಂದರೆ ಅಂತಿಮ ಡಿಕ್ರಿಗೆ ಹಾಕುವ ಅರ್ಜಿ. ಪಾಲಿನ ದಾವೆಯಲ್ಲಿ ಮೊದಲು ಬರುವ ಪ್ರಾಥಮಿಕ ಡಿಕ್ರಿ ಇಂತಿಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಅಳತೆಯಾಗಿ, ಯಾವ ತುಂಡು ಯಾರಿಗೆ ಎಂದು ಅಂತಿಮ ಡಿಕ್ರಿ ಆಗಬೇಕು. ಅದಕ್ಕಾಗಿ ಮತ್ತೊಂದು ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೆ ಮೊದಲು ಎಷ್ಟೋ ಮನೆಗಳಲ್ಲಿ ಪ್ರಾಥಮಿಕ ಡಿಕ್ರಿಯ ನಕಲು ಟ್ರಂಕಿನಲ್ಲೇ ಉಳಿಯುತ್ತಿತ್ತು. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಆ ಕಾಗದ ತಡವಾಗಿ ಕೊಟ್ಟರೂ ಅಮಲ್ಜಾರಿಯ 12 ವರ್ಷ ಎಣಿಸುವುದು ಡಿಕ್ರಿಯ ದಿನದಿಂದಲೇ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಆಮೇಲೆ ಅಮೀನನಿಂದ ಸ್ವಾಧೀನ, ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ, ಹೊಸ ಹಿಸ್ಸಾ ನಂಬರು. ಆಕೆಯ ಹೆಸರಿನ ಪಹಣಿ ಕಡತಕ್ಕೆ ಸೇರುವವರೆಗೆ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ 'ಮುಕ್ತಾಯ' ಎಂದು ಬರೆಯಲು ಅವರು ಬಿಡುತ್ತಿರಲಿಲ್ಲ. ಹೀಗಾಗಿ ವಾರ್ಷಿಕ ವರದಿಯಲ್ಲಿ ಆ ಕಾಲಮ್ಮು ಹೆಚ್ಚುಕಮ್ಮಿ ಖಾಲಿಯೇ. ತಪಾಸಣೆಗೆ ಬಂದ ಸಮಿತಿಯವರಿಗೆ ಉತ್ತರ ಹೇಳುವ ಕಷ್ಟ ಪ್ರಾಂಶುಪಾಲರದು.