ಡೆಬಿಯನ್ 13ಕ್ಕೆ ಹೋದ ಕೆಲಸ: ಟಿಎಂಪಿ ಫೋಲ್ಡರ್, 2038ರ ಗಡಿಯಾರ

ಪುಟ್ಟ ಎಆರ್‌ಎಂ ಬೋರ್ಡ್, ಅಂದರೆ ನನ್ನ ಸಣ್ಣ ಕಂಪ್ಯೂಟರ್, ಈಗ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 13ನೇ ಆವೃತ್ತಿಯಲ್ಲಿ ಓಡುತ್ತಿದೆ. 32-ಬಿಟ್ ಪ್ರೊಸೆಸರ್, 1 ಜಿಬಿ ಮೆಮೊರಿ. ಸ್ಕ್ಯಾನ್ ಮಾಡಿದ ಪುಟಗಳನ್ನು ರಾತ್ರಿ ಹೊತ್ತು ನೇರ ಮಾಡಿ, ಅಂಚು ಕತ್ತರಿಸಿ, ಪಿಡಿಎಫ್ ಕಟ್ಟುವುದು ಅದರ ಕೆಲಸ. ಅಪ್‌ಗ್ರೇಡ್‌ಗಿಂತ ಜಾಸ್ತಿ ಸಮಯ ಹಿಡಿದದ್ದು ಅದಕ್ಕೆ ಮುಂಚಿನ ತಯಾರಿ. ಈ ಆವೃತ್ತಿಯ ಎರಡು ಬದಲಾವಣೆಗಳ ಬಗ್ಗೆ ಡೆವಲಪರ್‌ಗಳ ನಡುವೆಯೇ ದೊಡ್ಡ ವಾದ ನಡೆದಿತ್ತು. ಎರಡೂ ನೇರವಾಗಿ ನನ್ನ ಬೋರ್ಡಿಗೇ ತಾಗುವಂಥವು.

ಮೊದಲನೆಯದು ಟಿಎಂಪಿ (/tmp), ಅಂದರೆ ಪ್ರೋಗ್ರಾಂಗಳು ತಾತ್ಕಾಲಿಕ ಫೈಲ್ ಇಡುವ ಫೋಲ್ಡರ್. ಇಲ್ಲಿಯವರೆಗೆ ಡೆಬಿಯನ್‌ನಲ್ಲಿ ಈ ಫೋಲ್ಡರ್ ಡಿಸ್ಕ್ ಮೇಲೆ ಇರುತ್ತಿತ್ತು. 13ರಿಂದ ಅದು ಮೆಮೊರಿಯಲ್ಲಿ ಇರುತ್ತದೆ, ಹೆಚ್ಚೆಂದರೆ ಒಟ್ಟು ಮೆಮೊರಿಯ 50% ಬಳಸಬಹುದು. ಜೊತೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಡೆ ಟಿಎಂಪಿಯಲ್ಲಿ 10 ದಿನ, ವಾರ್ ಒಳಗಿನ ಟಿಎಂಪಿಯಲ್ಲಿ (/var/tmp) 30 ದಿನ ಮುಟ್ಟದೆ ಬಿದ್ದಿರುವ ಫೈಲ್‌ಗಳು ತಾವಾಗಿ ಅಳಿದುಹೋಗುತ್ತವೆ.

2024ರಲ್ಲಿ ಇದರ ಮೇಲೆ ಜೋರು ಚರ್ಚೆ ಆಯಿತು. ಬದಲಾವಣೆ ಬೇಕು ಎಂದವರ ಮಾತು ಸರಳ: ತಾತ್ಕಾಲಿಕ ಫೈಲ್‌ಗಳ ಓದು, ಬರಹ ವೇಗವಾಗುತ್ತದೆ, ಡಿಸ್ಕ್ ಸವೆತ ಕಡಿಮೆಯಾಗುತ್ತದೆ, ಫೆಡೋರಾದಂಥ ಬೇರೆ ಲಿನಕ್ಸ್‌ಗಳು ಟಿಎಂಪಿಯನ್ನು ಮೆಮೊರಿಗೆ ತಂದು ವರ್ಷಗಳೇ ಆಗಿವೆ. ಬೇಡ ಎಂದವರು ಕಡಿಮೆ ಮೆಮೊರಿಯ ಯಂತ್ರಗಳನ್ನು ತೋರಿಸಿದರು. ವಾರ್ ಒಳಗಿನ ಟಿಎಂಪಿಯ ಫೈಲ್‌ಗಳು ರೀಬೂಟ್ ಆದರೂ ಉಳಿಯಬೇಕು ಎಂಬುದು ಫೈಲ್ ವ್ಯವಸ್ಥೆಯ ಹಳೆಯ ಮಾನದಂಡದಲ್ಲೇ ಇದೆ. ಅದನ್ನು ನಂಬಿ ವಾರಗಟ್ಟಲೆ ಲೆಕ್ಕ ಹಾಕುವ ಪ್ರೋಗ್ರಾಂ ಅಲ್ಲಿ ಡೇಟಾ ಇಟ್ಟಿದ್ದರೆ ಏನು ಗತಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಇಂಥವರನ್ನು ‘ಬದಲಾವಣೆಗೆ ಹೆದರುವವರು’ ಎಂದು ತಳ್ಳಿಹಾಕುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಏಕೆಂದರೆ ಆ ವಿರೋಧದಿಂದ ಕೈಗೆ ಸಿಕ್ಕಿದ್ದು ಏನು ನೋಡಿ. ಹಳೆಯ ಆವೃತ್ತಿಯಿಂದ ಅಪ್‌ಗ್ರೇಡ್ ಆದ ಯಂತ್ರಗಳಲ್ಲಿ ಫೈಲ್ ಅಳಿಸುವ ಹೊಸ ನಿಯಮ ಜಾರಿಗೆ ಬರುವುದಿಲ್ಲ, ಒಂದು ಕಾನ್ಫಿಗ್ ಫೈಲ್ ಅದನ್ನು ತಡೆಯುತ್ತದೆ. ಟಿಮಕ್ಸ್ (ಟರ್ಮಿನಲ್ ಸೆಷನ್‌ಗಳನ್ನು ಉಳಿಸಿಡುವುದು), ಓಪನ್‌ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವುದು) ಪ್ಯಾಕೇಜುಗಳು ತಮ್ಮ ಫೈಲ್‌ಗಳನ್ನು ಅಳಿಸದಂತೆ ವಿನಾಯಿತಿ ಸೇರಿಸಿದವು. ಮೆಮೊರಿಯ ಟಿಎಂಪಿ ಬೇಡ ಎನ್ನುವವರು ಅದನ್ನು ಜೋಡಿಸುವ ಮೌಂಟ್ ಯೂನಿಟ್ ಎಂಬ ಸೆಟ್ಟಿಂಗ್ ಅನ್ನು ಮಾಸ್ಕ್ ಮಾಡಿ (ಪೂರ್ತಿ ನಿಷ್ಕ್ರಿಯಗೊಳಿಸಿ) ರೀಬೂಟ್ ಮಾಡಿದರೆ ಸಾಕು ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಎಲ್ಲರೂ ತಲೆಯಾಡಿಸಿ ಸುಮ್ನೆ ಇದ್ದಿದ್ದರೆ ಇದೆಲ್ಲ ಇಷ್ಟು ನೀಟಾಗಿ ಸಿಗುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ನನ್ನ ಬೋರ್ಡಿನಲ್ಲಿ ಅಳೆದು ನೋಡಿದೆ. ದಪ್ಪ ಪುಸ್ತಕ ಬಂದಾಗ ಟಿಎಂಪಿ ಬಳಕೆ 700 ಎಂಬಿ ದಾಟುತ್ತದೆ. ಮೆಮೊರಿಯ ಅರ್ಧ ಎಂದರೆ ಸುಮಾರು 500. ಯೂನಿಟ್ ಮಾಸ್ಕ್ ಮಾಡಿಬಿಡಬಹುದಿತ್ತು, ಮಾಡಲಿಲ್ಲ. ಬದಲಿಗೆ ಸ್ಕ್ರಿಪ್ಟ್‌ಗೆ ಡಿಸ್ಕ್ ಮೇಲೆ ಅದರದ್ದೇ ಕೆಲಸದ ಫೋಲ್ಡರ್ ಕೊಟ್ಟು, ಕೆಲಸ ಮುಗಿದ ಕೂಡಲೇ ತಾನೇ ಖಾಲಿ ಮಾಡುವಂತೆ ಬರೆದೆ. ಸಣ್ಣ ಫೈಲ್‌ಗಳು ಮಾತ್ರ ಟಿಎಂಪಿಗೆ ಹೋಗುತ್ತವೆ. ಮೆಮೊರಿ ಕಾರ್ಡ್‌ಗೂ ಇದು ಒಳ್ಳೆಯದು.

ಡೆಬಿಯನ್‌ನಲ್ಲಿ ಎಲ್ಲ ಜಗಳವೂ ಹೀಗೆ ಮುಗಿದಿಲ್ಲ. 2014ರ ಫೆಬ್ರುವರಿಯಲ್ಲಿ ಇನಿಟ್, ಅಂದರೆ ಯಂತ್ರ ಶುರುವಾದಾಗ ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಂ, ಯಾವುದಿರಬೇಕು ಎಂಬ ಪ್ರಶ್ನೆ ಬಂದಾಗ ತಾಂತ್ರಿಕ ಸಮಿತಿಯ ಮತಗಳು ಸಮವಾಗಿ ಒಡೆದವು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಎಂಬ ಹೊಸ ಇನಿಟ್ ಗೆದ್ದಿತು. ಅದೇ ವರ್ಷದ ಕೊನೆಗೆ ಒಂದು ಗುಂಪು ಬೇರೆಯಾಗಿ ಸಿಸ್ಟಮ್‌ಡಿ ಇಲ್ಲದ ಡೆಬಿಯನ್ ಆದ ಡೆವುವಾನ್ ಕಟ್ಟಲು ಹೊರಟಿತು, ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 2017ರಲ್ಲಿ. ಆಮೇಲೂ ವಾದ ನಿಲ್ಲಲಿಲ್ಲ, 2019ರಲ್ಲಿ ಮತ್ತೆ ಮತ ಹಾಕಬೇಕಾಯಿತು. ಅಲ್ಲಿ ನಿಜವಾಗಿ ಗಟ್ಟಿಯಾಗಿದ್ದ ಪ್ರಶ್ನೆ ಒಂದೇ: ಹಳೆಯ ಇನಿಟ್ ಸ್ಕ್ರಿಪ್ಟ್‌ಗಳನ್ನು ಪ್ಯಾಕೇಜ್ ಪ್ಯಾಕೇಜಿಗೂ ಕೂತು ನೋಡಿಕೊಳ್ಳುವವರು ಯಾರು?

ಎರಡನೆಯ ಬದಲಾವಣೆ ಗಡಿಯಾರದ್ದು. 32-ಬಿಟ್ ಯಂತ್ರಗಳು ಸಮಯವನ್ನು 1970ರ ಆರಂಭದಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ 32 ಬಿಟ್‌ಗಳಲ್ಲಿ (4 ಬೈಟ್) ಇಡುತ್ತ ಬಂದಿವೆ. 2038ರ ಜನವರಿ 19ರಂದು, ಯುಟಿಸಿ 03:14:07 ಆದ ಮೇಲೆ ಆ ಎಣಿಕೆಗೆ ಜಾಗವಿಲ್ಲ. ಹಾಗಾಗಿ ಡೆಬಿಯನ್ 13ರಲ್ಲಿ ಸಮಯವನ್ನು 64-ಬಿಟ್‌ಗೆ (8 ಬೈಟ್) ಏರಿಸಿದರು. ಇದಕ್ಕೆ ಮಾಸ್ಕ್ ಮಾಡುವಂಥ ಸ್ವಿಚ್ ಇಡಲು ಆಗುವುದಿಲ್ಲ. ಒಂದು ಲೈಬ್ರರಿ 4 ಬೈಟ್, ಇನ್ನೊಂದು 8 ಬೈಟ್ ಎಂದುಕೊಂಡರೆ ಡೇಟಾ ಸದ್ದಿಲ್ಲದೆ ಕೆಡುತ್ತದೆ. ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಟಿ64’ ಅಂಟಿರುವುದು ಇದಕ್ಕಾಗಿಯೇ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಈ ಕೆಲಸವನ್ನು 2014ರಲ್ಲೇ, 5.5ನೇ ಆವೃತ್ತಿಯಲ್ಲಿ ಮುಗಿಸಿತ್ತು. ಅವರ ಕರ್ನಲ್ (ಸಿಸ್ಟಮ್‌ನ ತಿರುಳು), ಸಿ ಲೈಬ್ರರಿ ಎಲ್ಲ ಒಂದೇ ಸೋರ್ಸ್ ಕೋಡ್ ಮರದಲ್ಲಿವೆ, ಒಟ್ಟಿಗೆ ಮತ್ತೆ ಕಟ್ಟಬಹುದು. ಡೆಬಿಯನ್‌ಗೆ ಆ ಅನುಕೂಲ ಇಲ್ಲ.

ಹಳೆಯ 32-ಬಿಟ್ ಇಂಟೆಲ್ ಮಾದರಿಯ ಪಿಸಿಗಳಿಗಿರುವ ಡೆಬಿಯನ್ ರೂಪ ಐ386 ಅನ್ನು ಮಾತ್ರ ಈ ಬದಲಾವಣೆಯಿಂದ ಹೊರಗಿಟ್ಟರು. ಹಳೆಯ 32-ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಈಗ ಅದರ ಮುಖ್ಯ ಉಪಯೋಗ, ಸಮಯದ ಅಳತೆ ಬದಲಾದರೆ ಆ ಉಪಯೋಗವೇ ಹೋಗುತ್ತದೆ. ತರ್ಕ ಸರಿ. ಆದರೆ 13ರಲ್ಲಿ ಐ386ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗಳನ್ನು ಜತನದಿಂದ ಬದುಕಿಸಿಕೊಂಡು ಬಂದವರ ಬೇಸರ ನನಗೆ ಅರ್ಥವಾಗುತ್ತದೆ.

ನನ್ನ ಕಡೆ ಎರಡು ಸಣ್ಣ ಸಿ ಪ್ರೋಗ್ರಾಂಗಳಿವೆ. ಎರಡನ್ನೂ 64-ಬಿಟ್ ಸಮಯದೊಂದಿಗೆ ಮತ್ತೆ ಕಂಪೈಲ್ ಮಾಡಿದೆ. ಪುಟಗಳ ಇಂಡೆಕ್ಸ್ ಫೈಲ್‌ನಲ್ಲಿ ಸಮಯ 4 ಬೈಟ್ ಆಗಿಯೇ ಕೂತಿತ್ತು. ಹೊಸ ಪ್ರೋಗ್ರಾಂ ಅದನ್ನು 8 ಎಂದು ಓದಿದರೆ ಮುಂದಿನ ಎಲ್ಲ ಸಾಲೂ ಜರುಗುತ್ತದೆ. ಅದಕ್ಕೆ ಹಳೆಯದನ್ನು ಓದಿ ಹೊಸದಾಗಿ ಬರೆಯುವ ಪರಿವರ್ತಕ ಬರೆದೆ. ಫೈಲ್ ತಲೆಯಲ್ಲಿ ಆವೃತ್ತಿ ಸಂಖ್ಯೆಯನ್ನೂ ಸೇರಿಸಿದೆ.

ಮುಂದೆ ವರ್ಚುವಲ್ ಯಂತ್ರದಲ್ಲಿ ಗಡಿಯಾರವನ್ನು 2038ರ ಫೆಬ್ರುವರಿಗೆ ತಿರುಗಿಸಿ ರಾತ್ರಿಯ ಕೆಲಸ ಪೂರ್ತಿ ಓಡಿಸಬೇಕು. ಪಿಡಿಎಫ್‌ನಲ್ಲಿ ದಿನಾಂಕ ಸರಿಯಾಗಿ ಬಂದರೆ ಪರಿವರ್ತಕದ ಕೋಡ್ ಇಲ್ಲಿ ಹಾಕುತ್ತೇನೆ. ಇದೇ ಥರ ಬೈಟ್ ಎಣಿಸಿ ಫೈಲ್ ಬರೆದಿರುವವರಿಗೆ ಉಪಯೋಗವಾದೀತು.